ಆನಿಕ್‌ಗೆ ಹೋಗಬೇಕಿದ್ದ ಹತ್ತೊಂಬತ್ತು ಪೆಟ್ಟಿಗೆ

ಕಳೆದ ತಿಂಗಳು ಮನೆಗೆ ಹೊಸ ವಾಷಿಂಗ್ ಮೆಷಿನ್ ಬಂತು. ತಂದವರು ರಟ್ಟಿನ ಪೆಟ್ಟಿಗೆಯನ್ನು ಜಗಲಿಯಲ್ಲೇ ಸೀಳಿ, ಮೆಷಿನನ್ನು ಒಳಗಿಟ್ಟು, "ಪೆಟ್ಟಿಗೆ ಬೇಕಾ ಅಮ್ಮ, ನಾವೇ ಕೊಂಡುಹೋಗುದಾ?" ಎಂದು ಕೇಳಿದರು. ಬೇಕು ಎಂದೆ. ಸೊಸೆ ನಕ್ಕಳು. ಅವರೆಲ್ಲ ಹೋದ ಮೇಲೆ ನಾನು ಸ್ವಲ್ಪ ಹೊತ್ತು ಆ ಪೆಟ್ಟಿಗೆಯ ಪಕ್ಕದಲ್ಲೇ ಕುಳಿತಿದ್ದೆ. ಹೊಸ ರಟ್ಟು, ಕಂದು ಟೇಪಿನ ಅಂಟು, ಸ್ವಲ್ಪ ಧೂಳು. ಬೇರೆಯವರಿಗೆ ಇದು ಹೊಸ ಸಾಮಾನಿನ ವಾಸನೆ ಇರಬಹುದು. ನನಗೆ ಇದು ದೋಹಾದ ವಾಸನೆ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯನ್ನು ನಾನು ಈ ವಾಸನೆಯಲ್ಲೇ ಕಳೆದಿದ್ದೆ.

ಆಗ ನಾವು ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ, ಮೂರು ಕೋಣೆಯ ಫ್ಲಾಟಿನ ಒಂದು ಕೋಣೆಯಲ್ಲಿದ್ದೆವು. ಉಳಿದ ಎರಡರಲ್ಲಿ ಎರಡು ಮಲಯಾಳಿ ಸಂಸಾರ. ಅಡಿಗೆಮನೆ ಮೂರು ಮನೆಗೂ ಒಂದೇ. ನನ್ನ ಗಂಡ ಏಸಿ ಮೆಕ್ಯಾನಿಕ್, ಕೋಣೆ ಅವರ ಕಂಪನಿ ಕೊಟ್ಟದ್ದು. ಆ ವರ್ಷ ಮೇ ತಿಂಗಳಲ್ಲಿ ಅವರಿಗೆ ವರ್ಗದ ಕಾಗದ ಬಂತು. ಸೆಪ್ಟೆಂಬರ್ ಒಂದರಿಂದ ಉತ್ತರದಲ್ಲಿ ಗ್ಯಾಸ್ ಪ್ಲಾಂಟ್ ಕಟ್ಟುತ್ತಿದ್ದಲ್ಲಿ ಕೆಲಸ, ವಾಸ ಕ್ಯಾಂಪಿನಲ್ಲಿ. ಕ್ಯಾಂಪಿನಲ್ಲಿ ಹೆಂಡತಿಗೆ ಜಾಗವಿಲ್ಲ. ದೋಹಾದ ಕೋಣೆ ಬಿಟ್ಟುಕೊಡಬೇಕು. ಅಂದರೆ ನಾನು ಊರಿಗೆ ಹೋಗಬೇಕು.

"ಮೂರು ವರ್ಷ ಅಲ್ವಾ ವಾರಿಜ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹೋಗ್ತದೆ" ಎಂದರು ಇವರು.

ಮದುವೆಯಾದ ಮೇಲಿನ ಮೊದಲ ಮೂರು ವರ್ಷವೂ ಹೀಗೇ ಹೋಗಿತ್ತು. ನಾನು ಮೂಲ್ಕಿಯಲ್ಲಿ, ಇವರು ಇಲ್ಲಿ, ನಡುವೆ ತಿಂಗಳಿಗೆ ಎರಡು ಏರ್‌ಮೇಲ್ ಕಾಗದದಷ್ಟು ಮಾತು. ಕಣ್ಣು ಮುಚ್ಚಿ ತೆಗೆದವಳು ನಾನು, ಅದು ಎಷ್ಟು ಸಲ ಎಂದು ನನಗೇ ಗೊತ್ತು. ಇನ್ನೊಮ್ಮೆ ಆ ಬಾಳು ಬೇಡ ಎಂದು ಹಟ ಹಿಡಿದೆ. ಚಿಕ್ಕಂದಿನಿಂದಲೂ ನಾನು ಹಿಡಿದ ಹಟ ಬಿಟ್ಟವಳಲ್ಲ. ನಮ್ಮ ಅಮ್ಮ ಅದಕ್ಕೆ ನನ್ನನ್ನು ಬೈಯುತ್ತಿದ್ದರು, ಆಮೇಲೆ ಬೈದು ಪ್ರಯೋಜನವಿಲ್ಲವೆಂದು ಬಿಟ್ಟಿದ್ದರು.

ಮದುವೆಗೆ ಮೊದಲು ಮಂಗಳೂರಿನ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಎರಡು ವರ್ಷ ಟೆಲಿಫೋನ್ ನೋಡಿಕೊಂಡಿದ್ದೆ. ಆ ಸರ್ಟಿಫಿಕೇಟ್ ಹಿಡಿದು ದೋಹಾ ಅಲ್ ಜದೀದಾ ಬಡಾವಣೆಯ ಒಂದು ಆಫೀಸಿಗೆ ಹೋದೆ. ಕೆಲಸ ಮುಗಿಸಿ ಸ್ವದೇಶಕ್ಕೆ ಮರಳುವ ಸಂಸಾರಗಳ ಮನೆಸಾಮಾನು ಪ್ಯಾಕ್ ಮಾಡಿ ಹಡಗಿಗೆ ಹಾಕುವ ಕಂಪನಿ ಅದು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಬ್ರಿಟಿಷರು, ಮ್ಯಾನೇಜರ್ ಮಿಸ್ಟರ್ ಕೋಲ್ ಕೂಡ ಬ್ರಿಟಿಷ್. ಕೆಲಸ ಫೋನಿನದು. ಮೂರು ತಿಂಗಳು ನೋಡುತ್ತೇವೆ, ಆಗಸ್ಟ್ ಕೊನೆಗೆ ಖಾಯಂ ಮಾಡಿದರೆ ಆಫೀಸಿನ ಮಾಳಿಗೆಯ ಒಂದು ಕೋಣೆ ನಿನಗೆ ಎಂದರು. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಕೋಣೆ ಇದ್ದರೆ ಇವರು ಪ್ರತಿ ಗುರುವಾರ ಕ್ಯಾಂಪಿನಿಂದ ಬಂದು ಶುಕ್ರವಾರ ಇದ್ದು ಹೋಗಬಹುದು. ವಾರಕ್ಕೆ ಒಂದು ದಿನ. ಮೂಲ್ಕಿಯಲ್ಲಿ ಅದೂ ಇರಲಿಲ್ಲ.

ಮೊದಲ ವಾರದಲ್ಲೇ ಎಡವಿದೆ. ಬೇಸಿಗೆ ರಜೆಗೆ ಶಾಲೆಗಳು ಮುಚ್ಚುವ ಹೊತ್ತು, ಸಂಸಾರಗಳು ಗುಂಪಾಗಿ ಹೊರಡುವ ಕಾಲ. ಫಾರ್ಮು ನೋಡಿ ಗಿರಾಕಿಗೆ ಫೋನ್ ಮಾಡಿ, ನಿಮ್ಮ ಸಾಮಾನು ಇಂಥ ಊರಿಗೆ ಇಂಥ ದಿನ ಹೊರಡುತ್ತದೆ ಎಂದು ಹೇಳಬೇಕು. ನಾವು ಕನ್ನಡ ಶಾಲೆಯವರು, ಬರೆದದ್ದನ್ನು ಓದುವುದು ನಮ್ಮ ಕ್ರಮ. ನಾನು ಓದಿದೆ. ಲೈಸೆಸ್ಟರ್ ಎಂದೆ, ವೋರ್ಸೆಸ್ಟರ್ ಎಂದೆ, ಫ್ರೋಮ್ ಎಂದೆ. ಆ ಕಡೆಯವರು ಮೊದಲು "ಎಲ್ಲಿ?" ಎಂದರು, ಆಮೇಲೆ ನಕ್ಕರು, ನಕ್ಕ ಮೇಲೆ ಹೆದರಿದರು. ಒಬ್ಬ ಹೆಂಗಸು ಮಿಸ್ಟರ್ ಕೋಲ್‌ಗೇ ಫೋನ್ ಮಾಡಿ, ನಿಮ್ಮ ಹುಡುಗಿಗೆ ನನ್ನ ಊರಿನ ಹೆಸರೇ ಬರುವುದಿಲ್ಲ, ನನ್ನ ಪಿಯಾನೊ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದರಂತೆ.

ಮಿಸ್ಟರ್ ಕೋಲ್ ನನ್ನನ್ನು ಕರೆದು, ಬೈಯದೆ, ತಣ್ಣಗೆ ಹೇಳಿದರು. "ಅದು ಲೆಸ್ಟರ್. ಇನ್ನೊಂದು ವುಸ್ಟರ್. ಮತ್ತೊಂದು ಫ್ರೂಮ್. ಊರಿನ ಹೆಸರು ಸರಿಯಾಗಿ ಹೇಳುವವರ ಕೈಗೆ ಮಾತ್ರ ಜನ ತಮ್ಮ ಸಾಮಾನು ಕೊಡುತ್ತಾರೆ. ಇನ್ನೊಂದು ದೂರು ಬರದ ಹಾಗೆ ನೋಡಿಕೊ."

ಬೈದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ. ತಣ್ಣಗೆ ಹೇಳಿದ್ದು ಒಳಗೆ ಚುಚ್ಚಿತು. ಅಂದೇ ಕಲಿಯುವುದೆಂದು ನಿಶ್ಚಯಿಸಿದೆ. ಆದರೆ ಯಾರಿಂದ? ಮಿಸ್ಟರ್ ಕೋಲ್‌ರನ್ನು ದಿನಕ್ಕೆ ಹತ್ತು ಸಲ ಕೇಳಲು ಆಗುವುದಿಲ್ಲ. ಗುರು ಸಿಕ್ಕಿದ್ದು ಗೋಡೌನಿನಲ್ಲಿ.

ಉಪ್ಪಿನಂಗಡಿ ಕಡೆಯ ಹಸನಬ್ಬ ನಮ್ಮ ಪ್ಯಾಕಿಂಗ್ ಫೋರ್‌ಮನ್. ಐವತ್ತು ದಾಟಿದ ಬ್ಯಾರಿ, ಅಲ್ಲಿ ಹನ್ನೆರಡು ವರ್ಷದ ಅನುಭವ. ಎಲ್ಲರೂ ಅವರನ್ನು ಹಸನಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು. ಐದನೇ ಕ್ಲಾಸಿನ ಕನ್ನಡವೇ ಆಸ್ತಿ. ಗಿರಾಕಿಯ ಬಾಯಲ್ಲಿ ಊರಿನ ಹೆಸರು ಹೇಗೆ ಕೇಳಿತೋ ಹಾಗೆ ಕನ್ನಡದಲ್ಲಿ ಪೆಟ್ಟಿಗೆಯ ಮೂಲೆಗೆ ಬರೆಯುತ್ತಿದ್ದರು. ಅದರ ಕೆಳಗೆ ಯಾವ ಕೋಣೆಯ ಸಾಮಾನು, ಎಷ್ಟನೆಯ ಪೆಟ್ಟಿಗೆ ಎಂದೂ ಇರುತ್ತಿತ್ತು. ಇಂಗ್ಲಿಷ್ ಲೇಬಲ್ ಆಮೇಲೆ ಆಫೀಸಿನಿಂದ ಹೋಗಿ ಅಂಟುತ್ತಿತ್ತು. ಹೀಗಾಗಿ ಇಡೀ ಆಫೀಸಿನಲ್ಲಿ ಇಂಗ್ಲೆಂಡಿನ ಊರುಗಳನ್ನು ಇಂಗ್ಲೆಂಡಿನವರ ಹಾಗೆ ಹೇಳಬಲ್ಲ ಏಕೈಕ ಭಾರತೀಯ ಎಂದರೆ ಇಂಗ್ಲಿಷ್ ಓದಲು ಬಾರದ ಹಸನಾಕ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಆಫೀಸು ಮುಚ್ಚಿರುತ್ತಿತ್ತು. ಎಲ್ಲರೂ ಮನೆಗೆ ಹೋಗಿ ಮಲಗುವ ಹೊತ್ತು. ನಾನು ಬುತ್ತಿ ಉಂಡು, ಹಿಂದಿನ ಗೋಡೌನಿಗೆ ನೋಟ್ ಪುಸ್ತಕ ಹಿಡಿದು ಹೋಗುತ್ತಿದ್ದೆ. ತಗಡಿನ ಮಾಡು, ಒಳಗೆ ಒಲೆಯ ಬಾಯಿಯ ಹಾಗೆ ಬಿಸಿ. ಒಂದು ಕಡೆ ಮಡಚಿಟ್ಟ ರಟ್ಟು, ಇನ್ನೊಂದು ಕಡೆ ಟೇಪಿನ ಕಟ್ಟು. ಹಸನಾಕ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನಾರಿಜ್. ಗ್ಲಾಸ್ಟರ್. ವಿಂಡಮ್. ಮೌಝಲ್. ಫಾರ್ಮಿನಲ್ಲಿ ಹೆಸರಿನ ಅಕ್ಷರಗಳು ಬೇರೆಯೇ ಇರುತ್ತಿದ್ದವು, ಅರ್ಧಕ್ಕರ್ಧ ಅಕ್ಷರಗಳು ಕೆಲಸವಿಲ್ಲದೆ ಸಂಬಳ ತಿನ್ನುವ ಜಾತಿಯವು.

"ಇವರಿಗೆ ಬೇರೆ ಕೆಲಸ ಇಲ್ವಾ ಹಸನಾಕ? ಬರೆಯುದೊಂದು ಹೇಳುದೊಂದು" ಎಂದು ನಾನು ಒಮ್ಮೆ ಸಿಟ್ಟಿನಲ್ಲಿ ಕೇಳಿದೆ.

ಅವರು ಬೆವರು ಒರೆಸಿಕೊಂಡು ಹೇಳಿದರು, "ನಾವು ಭಾರೀ ಸರಿ ಉಂಟಾ ವಾರಿಜಕ್ಕ? ಬಸ್ಸಿನ ಬೋರ್ಡಲ್ಲಿ ಮಂಗಳೂರು ಅಂತ ಇರ್ತದೆ, ನಾವು ಕುಡ್ಲ ಅಂತೇವೆ. ಮೂಡುಬಿದಿರೆ ಅಂತ ಬರೀತೇವೆ, ಬೆದ್ರ ಅಂತೇವೆ. ಕಾರ್ಕಳಕ್ಕೆ ಕಾರ್ಲ. ಹುಟ್ಟಿದವರ ಬಾಯಲ್ಲಿ ಊರು ಸ್ವಲ್ಪ ಸವೀತದೆ. ಪೇಚಾಡ್ಬೇಡಿ, ಬರ್ಕೊಳ್ಳಿ."

ಬರೆದುಕೊಂಡೆ. ಮೀನು ಕೊಯ್ಯುವಾಗ ಹೇಳಿಕೊಂಡೆ, ಬಟ್ಟೆ ಒಣಗಿಸುವಾಗ ಹೇಳಿಕೊಂಡೆ. ಪಕ್ಕದ ಕೋಣೆಯ ಮಲಯಾಳಿ ಹೆಂಗಸು ಇದು ಯಾವ ಮಂತ್ರ ಎಂದು ಕೇಳಿದಳು. ಊಟದ ಹೊತ್ತಿಗೆ ಇವರು ಪುಸ್ತಕ ಹಿಡಿದು ಮೇಷ್ಟರ ಹಾಗೆ ಕೇಳುತ್ತಿದ್ದರು. ತಪ್ಪಿದರೆ ನನ್ನ ತಟ್ಟೆಯ ಹುರಿದ ಮೀನು ಅವರ ತಟ್ಟೆಗೆ. ಜುಲೈ ಕಳೆಯುವ ಹೊತ್ತಿಗೆ ಅವರಿಗೆ ಒಂದೇ ಒಂದು ತುಂಡು ಸಿಗುವುದೂ ಕಷ್ಟವಾಯಿತು.

ಇಷ್ಟೆಲ್ಲ ಕಷ್ಟಪಡುವ ಬದಲು, ನೀವು ಎಲ್ಲಿಗೆ ಹೋಗುವುದು ಎಂದು ಗಿರಾಕಿಯನ್ನೇ ಕೇಳಬಹುದಿತ್ತಲ್ಲ ಎಂದು ಈಗಿನವರಿಗೆ ಅನಿಸಬಹುದು. ಅದನ್ನೇ ನಾನು ಕೇಳುತ್ತಿರಲಿಲ್ಲ. ನಮ್ಮ ಕಡೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳುವುದು ಅಪಶಕುನ, ಹೋದ ಕೆಲಸ ಕೆಡುತ್ತದೆ. ತೀರ ಕೇಳಲೇಬೇಕಾದರೆ "ದೂರ ಹೊರಟದ್ದಾ?" ಎಂದು ಸುತ್ತು ಬಳಸಿ ಕೇಳುತ್ತೇವೆ, ಹೇಳುವ ಮನಸ್ಸಿದ್ದವರು ಹೇಳುತ್ತಾರೆ. ನಾನು ಇಂಗ್ಲಿಷಿನಲ್ಲೂ "ದೂರವಾ ಮ್ಯಾಡಮ್?" ಎಂದೇ ಕೇಳುತ್ತಿದ್ದೆ. ಅವರು ತಬ್ಬಿಬ್ಬಾಗಿ ಊರಿನ ಹೆಸರು ಹೇಳುತ್ತಿದ್ದರು. ಹಸನಾಕನದೂ ಅದೇ ಕ್ರಮ. ಇದರಲ್ಲಿ ತಪ್ಪುಂಟು ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಆಗಸ್ಟಿನಲ್ಲಿ ಮಿಸೆಸ್ ಪ್ರೈಸ್ ಎಂಬವರ ಮನೆಯ ಸಾಮಾನಿನ ಕೆಲಸ ಬಂತು. ಗಂಡ ಎಂಜಿನಿಯರ್. ಅವರ ಕಂಪನಿಯಿಂದ ಏಪ್ರಿಲ್‌ನಲ್ಲೇ ಬಂದ ಫಾರ್ಮಿನಲ್ಲಿ ಊರು ಲೆಸ್ಟರ್ ಎಂದಿತ್ತು. ಮಿಸೆಸ್ ಪ್ರೈಸ್‌ಗೆ ನನ್ನ ಮೇಲೆ ಅದೇನೋ ಅಕ್ಕರೆ. ದಿನ ನಿಗದಿ ಮಾಡಲು ಮೂರು ನಾಲ್ಕು ಸಲ ಫೋನ್ ಮಾಡಿದಾಗಲೆಲ್ಲ ನನಗೆ ಒಂದೆರಡು ಹೊಸ ಹೆಸರು ಹೇಳಿಕೊಡುತ್ತಿದ್ದರು. ಕೊನೆಯ ಸಲ ಹೇಳಿದರು, "ನಾನು ಆನಿಕ್‌ಗೆ ಹೋಗುತ್ತೇನೆ. ಅದು ನನ್ನ ತಾಯಿಯ ಊರು."

ಆನಿಕ್ ನನ್ನ ಪುಸ್ತಕದಲ್ಲಿ ಇರಲಿಲ್ಲ. ಅಕ್ಷರ ಕೇಳಿದೆ. ಏಳು ಅಕ್ಷರ ಹೇಳಿದರು, ಅದರಲ್ಲಿ ಎರಡು ಬರೇ ಕಾವಲಿಗೆ ನಿಂತವು. ಖುಷಿಯಿಂದ ಬರೆದುಕೊಂಡು ಅಡಿಗೆರೆ ಎಳೆದೆ. ಅವರು 'ನಾನು' ಹೋಗುತ್ತೇನೆ ಎಂದಿದ್ದರು, 'ನಾವು' ಎಂದಿರಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಊರಿನ ಹೆಸರು ಮಾತ್ರ.

ಸಾಮಾನು ಪ್ಯಾಕಾಗಿ, ಕಂಟೇನರಿಗೆ ತುಂಬಿ, ಸೀಲ್ ಬಿದ್ದು, ಬಂದರಿಗೆ ಹೋಯಿತು. ಒಟ್ಟು ನಲವತ್ತೇಳು ಪೆಟ್ಟಿಗೆ. ಮಂಗಳವಾರ ಸಂಜೆ ಗೆಳತಿಯ ಮನೆಯಿಂದ ಅವರ ಫೋನ್ ಬಂತು. ಶುಕ್ರವಾರ ಅವರ ವಿಮಾನ. "ವಾರಿಜ, ನನ್ನ ಪೆಟ್ಟಿಗೆಗಳು ಆನಿಕ್‌ಗೆ ಯಾವಾಗ ಮುಟ್ಟುತ್ತವೆ?"

ಆನಿಕ್‌ಗೆ ಏನೂ ಹೋಗುತ್ತಿರಲಿಲ್ಲ, ನಲವತ್ತೇಳೂ ಲೆಸ್ಟರ್‌ಗೆ ಹೊರಟಿದ್ದವು. ಆ ದಿನ ಮೊದಲ ಸಲ, ಸುತ್ತು ಬಳಸದೆ, ನಾನು ಕೇಳಿದೆ. "ಮ್ಯಾಡಮ್, ನೀವು ಎಲ್ಲಿಗೆ ಹೋಗುವುದು? ಮಿಸ್ಟರ್ ಪ್ರೈಸ್ ಎಲ್ಲಿಗೆ?"

ಗಂಡ ಲೆಸ್ಟರ್‌ಗೆ, ತಾನು ಆನಿಕ್‌ಗೆ, ಇನ್ನು ಒಟ್ಟಿಗೆ ಇರುವುದಿಲ್ಲ ಎಂದರು. ಇಬ್ಬರೂ ಕೂತು ಸಾಮಾನು ಹಂಚಿ ಎರಡು ಕೋಣೆಯಲ್ಲಿ ಇಟ್ಟಿದ್ದರಂತೆ. "ಎಲ್ಲವೂ ಅವನ ಮನೆಗೆ ಹೋದರೆ ನಾನು ಅವನ ಬಾಗಿಲಿಗೆ ಹೋಗಿ ನನ್ನ ತಾಯಿಯ ಹೊಲಿಗೆ ಮೆಷಿನ್ ಕೊಡು ಎಂದು ಕೇಳಬೇಕು. ಅದೊಂದು ಮಾತ್ರ ನನ್ನಿಂದ ಆಗದು" ಎಂದರು.

ಗೋಡೌನಿಗೆ ಓಡಿದೆ. ವಿಷಯ ಕೇಳಿ ಹಸನಾಕ ಪೆಟ್ಟಿಗೆಯೊಂದರ ಮೇಲೆ ಕುಳಿತರು. "ಎರಡು ಕೋಣೆಯಲ್ಲಿ ಬೇರೆ ಬೇರೆ ಇಟ್ಟದ್ದು ನಾನು ನೋಡಿದ್ದೇನೆ. ಎಡಕೋಣೆ, ಬಲಕೋಣೆ ಅಂತ ಪೆಟ್ಟಿಗೆಯ ಮೂಲೆಗೂ ಬರ್ದಿದ್ದೇನೆ. ಆ ಮ್ಯಾಡಮ್ ಬಾಗಿಲಲ್ಲೇ ನಿಂತಿದ್ರು. ಕೇಳುವ ಅಂತ ಆಯ್ತು ನನಗೆ. ಹೊರಟು ನಿಂತ ಹೆಂಗಸಿನ ಹತ್ರ ಎಲ್ಲಿಗೆ ಅಂತ ಹೇಗೆ ಕೇಳುದು ಅಂತ ಸುಮ್ಮನಾದೆ." ಆಮೇಲೆ ತಲೆ ಎತ್ತಿ ಹೇಳಿದರು, "ನನ್ನ ಮೇಲೆ ಹಾಕಿ ವಾರಿಜಕ್ಕ. ಹಸನಬ್ಬ ಮರೆತ ಅಂತ ಹೇಳಿ. ನನ್ನನ್ನು ಅವರು ತೆಗೀಲಿಕ್ಕಿಲ್ಲ. ನಿಮ್ಮದು ಇನ್ನೂ ಖಾಯಂ ಆಗ್ಲಿಲ್ಲ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಆಗಸ್ಟ್ ಮುಗಿಯಲು ಎರಡು ವಾರವೂ ಉಳಿದಿರಲಿಲ್ಲ. ಮಾಳಿಗೆಯ ಕೋಣೆಯ ಕಿಟಕಿ ಗೋಡೌನಿನ ಬಾಗಿಲಿನಿಂದಲೇ ಕಾಣುತ್ತಿತ್ತು. ಆದರೆ ಆನಿಕ್ ಎಂದು ಅಡಿಗೆರೆ ಎಳೆದವಳು ನಾನು. ಹಸನಾಕನಿಗೆ ಮಕ್ಕಳೂ ನಾಲ್ಕು. ಬೇಡ ಹಸನಾಕ ಎಂದೆ.

ಬುಧವಾರ ಬೆಳಿಗ್ಗೆ ಮಿಸ್ಟರ್ ಕೋಲ್ ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದೆ. ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಅವರು ಕೋಟು ತೆಗೆದು ನೇತುಹಾಕಿ, ಕುಳಿತು, ಗೋಡೆಯ ಕ್ಯಾಲೆಂಡರ್ ನೋಡಿದರು. "ಹಡಗು ನಾಳೆ ಸಂಜೆ. ಕಂಟೇನರ್ ಗಂಡನ ಹೆಸರಲ್ಲಿದೆ. ಅವರ ಸಹಿ ಬೇಕು, ಕಸ್ಟಮ್ಸ್ ಅನುಮತಿ ಬೇಕು. ನಾಳೆ ಮಧ್ಯಾಹ್ನದೊಳಗೆ ಆದರೆ ಮಾಡು. ಆಗದಿದ್ದರೆ ಏನಾಗುತ್ತದೆಂದು ನಿನಗೆ ಗೊತ್ತಿದೆ."

ಮಿಸ್ಟರ್ ಪ್ರೈಸ್‌ಗೆ ಫೋನ್ ಮಾಡಿದೆ. ಗಂಡಹೆಂಡತಿಯ ನಡುವಿನ ಮಾತಿಗೆ ಕೈಹಾಕುವುದು ನಮ್ಮಲ್ಲಿ ಮನೆಯ ಹಿರಿಯರಿಗೇ ಕಷ್ಟ, ನಾನು ಯಾವ ಊರಿನ ದಾಸಯ್ಯ. ಆದರೂ ನೇರವಾಗಿ ಕೇಳಿದೆ. ಎಡಕೋಣೆಯ ಸಾಮಾನು ನಿಮ್ಮದಾ, ಬಲಕೋಣೆಯದು ಅವರದಾ? ಅವರು ಹೌದೆಂದರು. ಫಾರ್ಮು ಬದಲಿಸಲು ಹೇಳಬೇಕಿತ್ತು, ಆಫೀಸಿನವರಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಬಿಟ್ಟುಬಿಟ್ಟೆ ಎಂದರು. ಹನ್ನೊಂದು ಗಂಟೆಗೆ ಫ್ಯಾಕ್ಸಿನಲ್ಲಿ ಅವರ ಸಹಿ ಬಂತು.

ಕಸ್ಟಮ್ಸ್‌ನ ಅಧಿಕಾರಿ ಅಷ್ಟು ಸುಲಭದಲ್ಲಿ ಬಗ್ಗಲಿಲ್ಲ. ಗುರುವಾರ ಬೆಳಿಗ್ಗೆ ಏಳಕ್ಕೆ ನಾನೂ ಹಸನಾಕನೂ ಅವರ ಮೇಜಿನ ಮುಂದೆ. ಸೀಲ್ ಬಿದ್ದ ಮೇಲೆ ಖಲಾಸ್, ಮಾಫಿ, ಮುಗಿಯಿತು, ಆಗುವುದಿಲ್ಲ ಎಂದರು. ಶನಿವಾರ ಬನ್ನಿ ಎಂದರು. ನಾವು ಕದಲಲಿಲ್ಲ. ಒಂದು ಗಂಟೆಯ ಮೇಲೆ ಅವರು ಸಿಟ್ಟಿನಿಂದ ಯಾಕೆ ಎಂದು ಕೇಳಿದರು. ಹಸನಾಕ ತಮ್ಮ ಮುರುಕು ಅರಬಿಯಲ್ಲಿ ಹೇಳಿದ್ದನ್ನು ಆಮೇಲೆ ನನಗೆ ಬಿಡಿಸಿ ಹೇಳಿದರು. ಒಬ್ಬ ಹೆಂಗಸಿನ ಸೊತ್ತು ಅವಳದಲ್ಲದ ಮನೆಗೆ ಹೋಗ್ತಾ ಉಂಟು, ಹೆಂಗಸಿನ ಸೊತ್ತು ಹೆಂಗಸಿಗೇ ಅಂತ ನಾವು ಕಲಿತದ್ದು, ನೀವೂ ಕಲಿತದ್ದು ಅದೇ ಅಲ್ವಾ, ಇಷ್ಟೇ ನಾನು ಹೇಳಿದ್ದು ಎಂದರು. ಅಧಿಕಾರಿ ಅವರನ್ನೂ ನನ್ನನ್ನೂ ನೋಡಿ, ಮೊಹರು ಎತ್ತಿ ಕಾಗದಕ್ಕೆ ಒತ್ತಿ, "ಯಲ್ಲಾ", ಹೊರಡಿ ಎಂದರು.

ಆ ಬಂದರಿನ ಅಂಗಳವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಒಂದು ಮರವಿಲ್ಲ. ಆಗಸ್ಟಿನ ಸಮುದ್ರದಿಂದ ಬರುವ ಗಾಳಿ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತಿತ್ತು. ಇಬ್ಬರು ಪ್ಯಾಕರ್‌ಗಳು ಪೆಟ್ಟಿಗೆ ಇಳಿಸಿದರು. ಹಸನಾಕ ಪ್ರತಿ ಪೆಟ್ಟಿಗೆಯ ಮೂಲೆಗೆ ಬಗ್ಗಿ ತಮ್ಮದೇ ಕನ್ನಡ ಓದಿದರು. ಎಡಕೋಣೆ ಮೂರು. ಬಲಕೋಣೆ ಏಳು. ಇಂಗ್ಲಿಷ್ ಲೇಬಲ್ಲಿನಲ್ಲಿ ಎಲ್ಲವೂ ಲೆಸ್ಟರ್, ಕನ್ನಡದಲ್ಲಿ ಮಾತ್ರ ಎರಡು ಮನೆ. ನಾನು ಬಲಕೋಣೆಯ ಲೇಬಲ್ ಕಿತ್ತು ಹೊಸದು ಅಂಟಿಸಿದೆ. ಬೆವರಿಗೆ ಅಂಟು ನಿಲ್ಲದೆ ಟೇಪು ಸುತ್ತಬೇಕಾಯಿತು. ಬಲಕೋಣೆಯ ಹತ್ತೊಂಬತ್ತರಲ್ಲಿ ಹತ್ತೂವರೆಗೆ ಹದಿನೆಂಟು ಸಿಕ್ಕಿದವು. ಹತ್ತೊಂಬತ್ತನೆಯದು ಇಲ್ಲ. ಅದು ಹೊಲಿಗೆ ಮೆಷಿನ್.

"ಒಳಗೆ ಇನ್ನೂ ಸೋಫಾ ಉಂಟು. ಅದು ತೆಗೆದ್ರೆ ಪುನಃ ತುಂಬ್ಲಿಕ್ಕೆ ಟೈಮ್ ಸಿಗುದಿಲ್ಲ" ಎಂದ ಒಬ್ಬ ಪ್ಯಾಕರ್.

"ತೆಗೀರಿ" ಎಂದೆ. ನನ್ನ ಸ್ವರ ನನಗೇ ಹೊಸದಾಗಿ ಕೇಳಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೋಫಾದ ಒಂದು ತುದಿಗೆ ನಾನೇ ಕೈಹಾಕಿದೆ. ಅದರ ಹಿಂದೆ, ಎಲ್ಲಕ್ಕಿಂತ ಒಳಗಿನ ಮೂಲೆಯಲ್ಲಿ ಆ ಪೆಟ್ಟಿಗೆ ಇತ್ತು. ಹನ್ನೊಂದೂ ಮುಕ್ಕಾಲಿಗೆ ಕಂಟೇನರಿಗೆ ಮತ್ತೆ ಸೀಲ್ ಬಿತ್ತು. ಹತ್ತೊಂಬತ್ತು ಪೆಟ್ಟಿಗೆ ಮುಂದಿನ ಹಡಗಿಗೆ ಕಾಯುತ್ತ ಹೊರಗೆ ಉಳಿದವು. ಹಸನಾಕ ನೀರಿನ ಬಾಟಲಿಯನ್ನು ತಲೆಯ ಮೇಲೆ ಸುರಿದುಕೊಂಡು, ನನಗೊಂದು ಕೊಟ್ಟರು.

ಮಿಸ್ಟರ್ ಕೋಲ್ ಆ ವಿಷಯ ಎತ್ತಿದ್ದು ಆಗಸ್ಟಿನ ಕೊನೆಯಲ್ಲಿ, ನನ್ನನ್ನು ಕರೆದು ಕೂರಿಸಿ. "ಕೆಲಸ ಚೆನ್ನಾಗಿದೆ. ಆದರೆ ಆ ತಪ್ಪು ಸಣ್ಣದಲ್ಲ. ಇನ್ನು ಮೂರು ತಿಂಗಳು ನೋಡೋಣ. ಖಾಯಂ ಆಮೇಲೆ."

ಇನ್ನು ಮೂರು ತಿಂಗಳೆಂದರೆ ಕೋಣೆ ಇಲ್ಲ. ಕೋಣೆ ಇಲ್ಲವೆಂದರೆ ಮೂಲ್ಕಿ. ನಾನು ಎದ್ದು ನಿಂತೆ, ಕೂತು ಹೇಳುವ ಮಾತು ಅದಾಗಿರಲಿಲ್ಲ. "ಇಲ್ಲ ಸರ್. ಈಗಲೇ ಖಾಯಂ ಮಾಡಿ, ಇಲ್ಲವಾದರೆ ಇವತ್ತೇ ಬಿಡುತ್ತೇನೆ. ತಪ್ಪು ಮಾಡಿದೆ, ನಿಮಗೆ ಗೊತ್ತಾಗುವ ಮೊದಲು ಬಂದು ಹೇಳಿದೆ, ಸರಿಮಾಡಿದೆ. ಮುಚ್ಚಿಡುವವರು ನಿಮಗೆ ಬೇಕಾದಷ್ಟು ಸಿಗುತ್ತಾರೆ." ಕೈಯಲ್ಲಿದ್ದ ಕಾಗದ ಮುಂದಿಟ್ಟೆ. ಒಂದು ವಾರದಿಂದ ನಾನೇ ಟೈಪ್ ಮಾಡಿ ಬಳಸುತ್ತಿದ್ದ ಹೊಸ ಫಾರ್ಮು. ಎಲ್ಲ ಸಾಮಾನೂ ಒಂದೇ ಕಡೆಗೆ ಹೋಗುವುದೇ ಎಂಬ ಪ್ರಶ್ನೆ ಅದರಲ್ಲಿ ಮೊದಲಿಗಿತ್ತು. "ಇದನ್ನು ಕೇಳಿದ ಮೇಲೆ ಇನ್ನೆರಡು ಮನೆಯವರು ಇಲ್ಲ ಎಂದಿದ್ದಾರೆ ಸರ್. ಅವರ ಫಾರ್ಮಿನಲ್ಲೂ ಒಂದೇ ಊರು ಇತ್ತು."

ಅವರು ಆ ಎರಡು ಹೆಸರುಗಳನ್ನು ಓದಿದರು. ಡ್ರಾಯರ್ ತೆಗೆದು ಬೇರೊಂದು ಕಾಗದ ಎಳೆದು ಸಹಿ ಹಾಕಿದರು. ಕೊಡುವಾಗ ಮುಖ ನೋಡದೆ, "ಮಾಳಿಗೆಯ ಕೋಣೆಯ ಏಸಿ ಕೆಟ್ಟಿದೆ" ಎಂದರು.

"ಅದು ನನಗೆ ಬಿಡಿ ಸರ್" ಎಂದೆ.

ಇವರು ಕ್ಯಾಂಪಿಗೆ ಹೋಗುವ ಮುಂಚಿನ ದಿನ ಆ ಏಸಿಯನ್ನು ಬಿಚ್ಚಿ, ತೊಳೆದು, ಸರಿಮಾಡಿ ಹೋದರು. ಮೊದಲ ವಾರ ಆ ಕೋಣೆಯಲ್ಲಿ ಒಬ್ಬಳೇ ಇದ್ದಾಗ ನನಗೆ ನನ್ನ ಹಟದ ಮೇಲೆಯೇ ಸಂಶಯ ಬಂದಿತ್ತು. ಊರಲ್ಲಾದರೂ ಅತ್ತೆ ಇದ್ದರು, ಮಾತಿಗೆ ಜನ ಇತ್ತು.

ಅಕ್ಟೋಬರಿನಲ್ಲಿ ಒಂದು ಗುರುವಾರ ಆಫೀಸು ಮುಚ್ಚುವ ಹೊತ್ತಿಗೆ ಫೋನ್ ಬಂತು. ದೂರದ ಕರೆ, ಮಾತು ಅರ್ಧ ಸೆಕೆಂಡು ತಡವಾಗಿ ಕೇಳುತ್ತಿತ್ತು.

"ವಾರಿಜ, ಬಂದವು. ಹತ್ತೊಂಬತ್ತೂ ಬಂದವು." ಮಿಸೆಸ್ ಪ್ರೈಸ್. "ಮನೆ ತೀರ ಚಿಕ್ಕದು. ಪೆಟ್ಟಿಗೆಯ ಮೇಲೆಯೇ ಕುಳಿತು ಚಹಾ ಕುಡಿಯುತ್ತಿದ್ದೇನೆ."

"ಜೊತೆಗೆ ಯಾರಿದ್ದಾರೆ ಮ್ಯಾಡಮ್?" ಎಂದು ಕೇಳಿದೆ.

"ಯಾರೂ ಇಲ್ಲ. ಅದಕ್ಕೇ ನಿನಗೆ ಫೋನ್ ಮಾಡಿದ್ದು" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಿನ್ನ ಗಂಡ?" ಎಂದರು.

ವಾರಕ್ಕೊಂದು ದಿನ ಬರುತ್ತಾರೆ ಎಂದೆ. "ಆ ದಿನವನ್ನು ಚೆನ್ನಾಗಿ ನೋಡಿಕೊ" ಎಂದರು, ಫೋನ್ ಇಟ್ಟರು.

ಹೊರಗೆ ಕ್ಯಾಂಪಿನ ಬಸ್ಸು ನಿಂತ ಸದ್ದಾಯಿತು. ಇವರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಮೈಯೆಲ್ಲ ಮರಳು, ಕೈಯಲ್ಲಿ ಕಿಂಗ್‌ಫಿಶ್ ಮೀನಿನ ಒಂದು ಪೊಟ್ಟಣ. ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತರು.

"ಎಂತಾಯ್ತು? ಯಾಕೆ ಅಳ್ತಾ ಇದ್ದೀ?"

"ವಾರಕ್ಕೊಂದು ದಿನ ಗೆದ್ದೆನಲ್ಲ, ಅದಕ್ಕೆ" ಎಂದೆ.